ನೆರೆಯ ಲಿಪಿಯ ‘ರ’

“ಇದು ರ,” ಎಂದ ಸೊಳ್ಳೆ. “ಇದೂ ರ. ಈಗ ಹೇಳಿ ಮೇಡಂ, ಎರಡಕ್ಕೂ ಏನು ವ್ಯತ್ಯಾಸ?”

ಇನ್ಸ್‌ಪೆಕ್ಟರಮ್ಮ ಪರದೆಗೆ ಮೂಗು ತಗಲುವಷ್ಟು ಬಗ್ಗಿದರು. ಅಂಗೈಯಗಲ ದೊಡ್ಡದು ಮಾಡಿಟ್ಟ ಎರಡು ಅಕ್ಷರ. ಅದೇ ದುಂಡು, ಅದೇ ತಲೆಕಟ್ಟು.

“ಏನೂ ಇಲ್ಲ.”

“ಇಲ್ಲ ಅಲ್ವಾ? ಮೊದಲನೇದು ನಮ್ಮ ಲಿಪಿಯದು. ಎರಡನೇದು ನೆರೆಯ ಲಿಪಿಯದು. ಕಣ್ಣಿಗೆ ಅವಳಿಜವಳಿ. ಕಂಪ್ಯೂಟರ್ ಲೆಕ್ಕದಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಅದರ ನಂಬರ್ ಬೇರೆ, ಇದರ ನಂಬರ್ ಬೇರೆ.”

ಸೊಳ್ಳೆ ಇಲಾಖೆಯ ಕಂಪ್ಯೂಟರ್ ಲ್ಯಾಬಿನ ತಜ್ಞ. ಮೈ ಕಡ್ಡಿ, ದನಿ ಇನ್ನೂ ಸಣ್ಣ. ಕಿವಿಯ ಹತ್ತಿರ ಬಂದು ಗುಂಯ್‌ಗುಡದೆ ಯಾವ ಮಾತನ್ನೂ ಹೇಳುವವನಲ್ಲ. ಆ ಹೆಸರು ಅಂಟಿಕೊಂಡದ್ದು ಹಾಗೆ. ಅವನ ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಗಾಜು ಒಡೆದ ಮೊಬೈಲೊಂದಿತ್ತು. ಹಳೇ ಪ್ರೆಸ್ ಕಟ್ಟಡದ ಲಿಫ್ಟ್ ಗುಂಡಿಯಲ್ಲಿ ಮೊನ್ನೆ ಹೆಣವಾಗಿ ಸಿಕ್ಕ ನರ್ಸಮ್ಮನದು.

“ಇದಕ್ಕೂ ನರ್ಸಮ್ಮನಿಗೂ ಏನಯ್ಯಾ?”

“ಓಡಿಹೋದ ಕಿರಿಮಗಳಿಂದ ಆಯಮ್ಮನಿಗೆ ಇಮೇಲ್ ಬರ್ತಿತ್ತು ಅಂತ ಅವರ ತಮ್ಮ ಹೇಳಿದ್ರಲ್ಲ. ಬಂದಿದೆ. ವರ್ಷದಿಂದ ಬರ್ತಾನೇ ಇದೆ. ಕಳಿಸಿದವರ ವಿಳಾಸ ನೋಡಿ. ಮೊದಲು ಗುಬ್ಬಿ, ಆಮೇಲೆ ಬಣ್ಣದಮರ.”

ಗುಬ್ಬಿ ಎನ್ನುವುದು ಕಿರಿಯವಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಮಕ್ಕಳ ಕೋಣೆಗಳ ಗೋಡೆಗೆ ಚಿತ್ರ ಬರೆಯುವುದು ಅವಳ ಕಸುಬು. ಬಣ್ಣದಮರ ಅವಳ ವೆಬ್‌ಸೈಟು. ವಿಳಾಸವನ್ನೂ ನಮ್ಮ ಲಿಪಿಯಲ್ಲೇ ಮಾಡಿಸಿಕೊಂಡಿದ್ದಳು. ಎರಡು ವರ್ಷದ ಹಿಂದೆ ಅಮ್ಮನ ಜೊತೆ ಜಗಳವಾಡಿ ಮನೆ ಬಿಟ್ಟವಳು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಅವಳ ವಿಳಾಸವೇ ಇದೆಯಲ್ಲ.”

“ನೋಡೋಕೆ ಅಷ್ಟೇ. ‘ಮರ’ದ ಕೊನೇ ಅಕ್ಷರ ನಮ್ಮದಲ್ಲ, ನೆರೆಯವರದು. ಯಾರೋ ಅದೊಂದನ್ನ ಬದಲಾಯಿಸಿ ಹೊಸ ವಿಳಾಸ ನೋಂದಾಯಿಸಿದಾರೆ. ಇಂಥ ಬೆರಕೆ ಹೆಸರನ್ನ ಎಷ್ಟೋ ನೋಂದಣಿ ಕಚೇರಿಗಳು ಬಾಗಿಲಲ್ಲೇ ತಡೀತವೆ. ಇಲ್ಲಿ ತಡೆದಿಲ್ಲ.”

“ಅಂದ್ರೆ ಬರೆದೋಳು ಮಗಳಲ್ಲ.”

“ಮಗಳಲ್ಲ. ಮಗಳ ವೇಷ ಹಾಕಿದೋರು.”

ಇನ್ಸ್‌ಪೆಕ್ಟರಮ್ಮ ಕುರ್ಚಿಗೆ ಒರಗಿದರು. “ಇದನ್ನ ಮೊಬೈಲ್ ಹೇಳಬೇಕಲ್ವೇನಯ್ಯಾ? ಬೇಡದ್ದಕ್ಕೆಲ್ಲ ಟಿಂಗ್ ಅನ್ನುತ್ತೆ.”

“ಅಲ್ಲಿಗೇ ಬರ್ತಿದೀನಿ. ನೆಟ್‌ವರ್ಕಿನ ಹಳೇ ದಾರಿಯಲ್ಲಿ ನಮ್ಮ ಅಕ್ಷರ ಓಡಾಡಲ್ಲ ಮೇಡಂ, ರೋಮನ್ ಅಕ್ಷರಕ್ಕೆ ಮಾತ್ರ ಪ್ರವೇಶ. ಅದಕ್ಕೇ ನಮ್ಮ ಲಿಪಿಯ ಪ್ರತಿ ವಿಳಾಸಕ್ಕೂ ಒಂದು ರೋಮನ್ ವೇಷ ಇರುತ್ತೆ. ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ ಬಾಯಲ್ಲಿ ಹೇಳೋಕಾಗದ ಅಕ್ಷರಗಳ ಸಾಲು. ಇಮೇಲ್ ಆ್ಯಪ್ ಆ ವೇಷ ಕಳಚಿ ನಮಗೆ ನಮ್ಮ ಲಿಪಿ ತೋರಿಸುತ್ತೆ. ಆದರೆ ಒಂದೇ ಹೆಸರಲ್ಲಿ ಎರಡು ಲಿಪಿ ಬೆರೆತಿದ್ದರೆ ಕಳಚಬಾರದು. ಆ ವಿಕಾರ ಸಾಲನ್ನೇ ತೋರಿಸಿ, ಹುಷಾರಪ್ಪಾ ಅನ್ನಬೇಕು. ನರ್ಸಮ್ಮನ ಆ್ಯಪ್ ಕೂಡ ಹಾಗೇ ಮಾಡೋ ಜಾತಿದು. ಆದರೆ ಅವರ ಮೊಬೈಲಲ್ಲಿ ಆ ತಪಾಸಣೆಯನ್ನ ಯಾರೋ ಕಿತ್ತುಹಾಕಿದಾರೆ.”

“ಅಂಗಡಿಯಲ್ಲಿ ಮಾಡಿಕೊಡ್ತಾರಾ ಅದನ್ನ?”

“ಸಾಧ್ಯವೇ ಇಲ್ಲ. ಕಂಪನಿಯೊಳಗೆ, ಪರೀಕ್ಷೆ ಮಾಡೋಕೆ ಅಂತ ಆ್ಯಪಿನ ಇಂಥ ಪ್ರತಿ ಮಾಡ್ಕೋತಾರೆ. ಹೊರಗೆ ಬಿಡೋದಿಲ್ಲ.”

ಕಂಪನಿ ಯಾವುದು ಎಂದು ಇನ್ಸ್‌ಪೆಕ್ಟರಮ್ಮ ಕೇಳಲಿಲ್ಲ. ನರ್ಸಮ್ಮನ ಹಿರಿಮಗಳು ಅಲ್ಲೇ ಎಂಜಿನಿಯರ್. ಹೆಣ ಗುರುತಿಸಲು ಬಂದಿದ್ದಾಗ ಅವಳ ಕೊರಳಲ್ಲಿ ಆ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಅಮ್ಮನ ಮುಖ ನೋಡಿ, ಹೌದು ಎಂದು ತಲೆಯಾಡಿಸಿ, ಎಲ್ಲಿ ಸಹಿ ಮಾಡಬೇಕು ಎಂದು ಕೇಳಿದ್ದಳು. ಅಳಲಿಲ್ಲ. ಅಳದವರನ್ನೆಲ್ಲ ಅನುಮಾನಿಸುತ್ತ ಹೋದರೆ ಕೆಲಸ ಸಾಗುವುದಿಲ್ಲ ಎಂದು ಇನ್ಸ್‌ಪೆಕ್ಟರಮ್ಮ ಅವತ್ತು ಸುಮ್ಮನಾಗಿದ್ದರು.

“ಸಾಯೋ ದಿನ ಬಂದ ಇಮೇಲಲ್ಲಿ ಏನಿದೆ?”

ಸೊಳ್ಳೆ ತಲೆ ಕೆರೆದುಕೊಂಡ. “ಅದೊಂದು ತಲೆನೋವು. ಓದೋಕೇ ಆಗಲ್ಲ.”

ಪರದೆಯ ಮೇಲೆ ಕೊಂಬು ಬಾಲ ಹಚ್ಚಿದ ರೋಮನ್ ಅಕ್ಷರಗಳು, ಪೌಂಡು, ಡಿಗ್ರಿ, ತಲೆಕೆಳಗಾದ ಪ್ರಶ್ನೆ ಚಿಹ್ನೆ. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ.

“ಮೊಬೈಲ್ ಕೆಟ್ಟಿದೆಯಾ?”

“ಇಲ್ಲ. ಇದು ಹಳೇ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಪ್ರೆಸ್ಸುಗಳಲ್ಲಿ ಇರ್ತಿತ್ತಲ್ಲ, ಆ ಫಾಂಟ್ ಇದ್ದರೆ ಮಾತ್ರ ನಮ್ಮ ಅಕ್ಷರ, ಇಲ್ಲದಿದ್ದರೆ ಈ ಕಸ. ಬಿಡಿಸ್ತೀನಿ, ಸ್ವಲ್ಪ ಟೈಮ್ ಕೊಡಿ. ಇದರ ಪೂರ್ತಿ ವಿಳಾಸವನ್ನೂ ಅಕ್ಷರ ಅಕ್ಷರ ಬಿಡಿಸಿ ನೋಡಬೇಕು.”

ಪ್ರೆಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಇನ್ಸ್‌ಪೆಕ್ಟರಮ್ಮ ಎದ್ದರು.

*

ನರ್ಸಮ್ಮನ ತಮ್ಮ, ಎಂದರೆ ಆ ಹೆಣ್ಣುಮಕ್ಕಳ ಸೋದರಮಾವ, ಪ್ರೆಸ್ ಮುಚ್ಚಿದ ಮೇಲೂ ಅದರ ಬಾಗಿಲ ಪಕ್ಕದ ಕೋಣೆಯಲ್ಲೇ ಕೂರುತ್ತಿದ್ದ. ಒಂದು ಮುದಿ ಕಂಪ್ಯೂಟರು, ಒಂದು ಪ್ರಿಂಟರು. ವಿಸಿಟಿಂಗ್ ಕಾರ್ಡು, ಅಂಗಡಿಯ ಬೋರ್ಡು, ಅಷ್ಟೇ ಈಗ ಬರುವ ಕೆಲಸ.

“ಈ ಹಳೇ ಫಾಂಟ್ ಯಾರ್ಯಾರಿಗೆ ಬರುತ್ತೆ?”

“ನನಗೆ ಬರುತ್ತೆ. ಗುಬ್ಬಿಗೆ ಬರ್ತಿತ್ತು, ಚಿಕ್ಕವಳಿದ್ದಾಗಿಂದ ಇಲ್ಲೇ ಕೂತು ಕುಟ್ತಿದ್ಳು. ದೊಡ್ಡವಳಿಗೂ ಬರುತ್ತೆ. ಇಬ್ಬರಿಗೂ ನಾನೇ ಕಲಿಸಿದ್ದು.”

“ಲಿಫ್ಟಿನ ಬಾಗಿಲು ಯಾರು ತೆಗೆದಿದ್ದು?”

ಅವನು ಗೋಡೆಯ ಮೊಳೆಯತ್ತ ಕೈ ತೋರಿಸಿದ. “ನಾನಂತೂ ಅಲ್ಲ. ಬೀಗದಕೈ ಈ ಮೊಳೆಗೆ ನೇತಾಕಿರ್ತೀನಿ. ಯಾರು ಬೇಕಾದ್ರೂ ತಗೋಬಹುದಿತ್ತು.”

ಅದು ಮನುಷ್ಯರ ಲಿಫ್ಟಲ್ಲ, ಕಾಗದದ ಬಂಡಲು ಇಳಿಸುವ ಲಿಫ್ಟು. ರಸ್ತೆ ಮಟ್ಟದಿಂದ ಕೆಳಕ್ಕೆ ಹೋಗುತ್ತಿತ್ತು. ಕೆಳಗೆ ಮುದ್ರಣದ ಮೆಷಿನ್ ಹಾಲ್, ಅದರಡಿ ಗೋಡೌನು. ಲಿಫ್ಟಿನ ಪಂಜರ ಕೆಟ್ಟು ಎಷ್ಟೋ ಕಾಲದಿಂದ ತಳದಲ್ಲೇ ಕೂತಿತ್ತು. ಮೊಬೈಲನ್ನು ಕಣ್ಣಿಗೇ ಹಿಡಿದು ಓದುವಷ್ಟು ಪೊರೆ ಬಂದಿದ್ದ ನರ್ಸಮ್ಮ ತೆರೆದ ಬಾಗಿಲೊಳಗೆ ಹೆಜ್ಜೆಯಿಟ್ಟಿದ್ದಳು. ಅಲ್ಲಿ ನೆಲವಿರಲಿಲ್ಲ. ತಕ್ಷಣ ಸಾಯಲೂ ಇಲ್ಲ ಎಂದು ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಹೇಳಿದ್ದರು. ಪಂಜರದ ಚಾವಣಿಯ ತಗಡಿನ ಮೇಲೆ ಉಗುರಿನ ಗೀರುಗಳಿದ್ದವು.

“ನಮ್ಮಕ್ಕ ಕೂಗಿರ್ತಾಳೆ ಅಲ್ವಾ ಮೇಡಂ?” ಎಂದ ಮಾವ. “ನಾನು ಅವತ್ತು ಬೋರ್ಡ್ ಹಾಕೋಕೆ ಹೊರಗೆ ಹೋಗಿದ್ದೆ. ಇದ್ದಿದ್ರೆ ಕೇಳ್ತಿತ್ತು.”

ಇನ್ಸ್‌ಪೆಕ್ಟರಮ್ಮ ಸಮಾಧಾನ ಹೇಳಲಿಲ್ಲ. “ಗುಬ್ಬಿ ಕರೀತಾಳೆ ಅಂತ ನಿಮ್ಮಕ್ಕ ಮುಂಚೆಯೂ ಎಲ್ಲಾದರೂ ಹೋಗಿದ್ರಾ?”

“ಬಸ್ ಸ್ಟ್ಯಾಂಡಿಗೆ. ಗುಬ್ಬಿ ಬರ್ತಾಳಂತೆ ಅಂತ ತಿಂಡಿ ಡಬ್ಬಿ ಹಿಡ್ಕೊಂಡು ಹೋಗೋಳು. ಬಿಸಿಲಲ್ಲಿ ನಿಂತು ನಿಂತು, ಬರಲಿಲ್ಲ ಅಂತ ವಾಪಸ್. ಒಂದು ಸಲ ತಲೆ ಸುತ್ತಿ ಬಿದ್ದಳು. ಪುಣ್ಯಕ್ಕೆ ದೊಡ್ಡವಳು ಆ ಕ್ಷಣಕ್ಕೇ ಬಂದು ಎತ್ಕೊಂಡಳು.”

“ಆ ಕ್ಷಣಕ್ಕೇ?”

“ಹೂಂ. ಅಲ್ಲೇ ಎಲ್ಲೋ ಇದ್ದಳಂತೆ.”

ಹೇಳಿದ ಮೇಲೆ ಅವನಿಗೇ ಆ ಮಾತು ವಿಚಿತ್ರವಾಗಿ ಕೇಳಿಸಿತು.

“ಜೀಪು ಹತ್ತಿ,” ಎಂದರು ಇನ್ಸ್‌ಪೆಕ್ಟರಮ್ಮ. “ಸ್ಟೇಷನ್ನಲ್ಲಿ ಕೂತಿರಿ. ಕಂಪ್ಯೂಟರನ್ನ ನಮ್ಮವರು ತರ್ತಾರೆ. ನಿಮ್ಮಕ್ಕ ಹೋದ ಸುದ್ದಿ ನಿಮಗೆ, ದೊಡ್ಡವಳಿಗೆ, ನಮಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು.”

*

ಹಿರಿಯವಳು ರಜೆ ಹಾಕಿರಲಿಲ್ಲ.

ಅವಳ ಕಚೇರಿಯ ಮೀಟಿಂಗ್ ಕೋಣೆಗೆ ಮೂರು ಕಡೆ ಗಾಜು. ಒಂದು ಗೋಡೆಗೆ ಒರಗಿ ಕಪಾಟು. ಅದರ ತುಂಬ ಬೇರೆ ಬೇರೆ ಬಗೆಯ ಮೊಬೈಲುಗಳು, ಪ್ರತಿಯೊಂದರ ಬಾಲಕ್ಕೂ ಚಾರ್ಜರಿನ ವೈರು. ಹೊರಗೆ ಹುಡುಗ ಹುಡುಗಿಯರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪರದೆ ನೋಡುತ್ತಿದ್ದರು.

“ಬೇಗ ಮುಗಿಯುತ್ತಾ?” ಎಂದಳು, ಲ್ಯಾಪ್‌ಟಾಪನ್ನು ಮುಚ್ಚದೆ.

“ನಿಮ್ಮ ಕೆಲಸ ಏನಮ್ಮಾ ಇಲ್ಲಿ?”

“ನಾನಾ ಲಿಪಿಯ ವಿಳಾಸಗಳು, ಅಕ್ಷರ ಸಂಕೇತಗಳು. ಯಾವ ಭಾಷೆಯ ಇಮೇಲ್ ಬಂದರೂ ಆ್ಯಪ್‌ನಲ್ಲಿ ಸರಿಯಾಗಿ ಕಾಣಬೇಕು. ಅದು ನನ್ನ ಟೀಮಿನ ಹೊಣೆ.”

“ಎರಡು ಲಿಪಿ ಬೆರೆತ ವಿಳಾಸ ಬಂದರೆ?”

“ಎಚ್ಚರಿಕೆ ತೋರಿಸುತ್ತೆ.”

“ನಿಮ್ಮಮ್ಮನ ಮೊಬೈಲಲ್ಲಿ ತೋರಿಸಲಿಲ್ಲ.”

ಹಿರಿಯವಳ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು.

ಇನ್ಸ್‌ಪೆಕ್ಟರಮ್ಮ ದನಿ ಏರಿಸಲಿಲ್ಲ. “ಎಚ್ಚರಿಕೆ ಕಿತ್ತುಹಾಕಿದ ಆ ಪ್ರತಿ ತಯಾರಾಗಿದ್ದು ಯಾರ ಕಂಪ್ಯೂಟರಲ್ಲಿ ಅಂತ ನಿಮ್ಮ ಮ್ಯಾನೇಜರನ್ನ ಈಗಲೇ ಕೇಳಬಹುದು. ಈ ಗಾಜಿನ ಕೋಣೆಯಲ್ಲಿ, ಎಲ್ಲರ ಎದುರಿಗೆ. ಇಲ್ಲಾ ನೀವೇ ಹೇಳಬಹುದು.”

ಹಿರಿಯವಳು ಕೀಲಿಮಣೆಯಿಂದ ಕೈ ತೆಗೆದಳು.

“ನಾನೇ ಮಾಡಿದ್ದು,” ಎಂದಳು ಹಿರಿಯವಳು. “ವಿಳಾಸ ನೋಂದಾಯಿಸಿದ್ದೂ ನಾನೇ. ಇಮೇಲ್ ಬರೆದದ್ದೂ ನಾನೇ. ಇದು ಕೊಲೆ ಅಲ್ಲವಲ್ಲ?”

“ಯಾಕೆ ಬರೆದೆ?”

ಇನ್ಸ್‌ಪೆಕ್ಟರಮ್ಮ ‘ನೀವು’ ಬಿಟ್ಟು ‘ನೀನು’ ಹಿಡಿದದ್ದನ್ನು ಅವಳು ಗಮನಿಸಿದಳು. ತುಟಿಯ ಒಂದು ಕೊನೆ ಮೇಲಕ್ಕೆ ಹೋಯಿತು.

“ಅಮ್ಮನಿಗೆ ಸ್ನಾನ ಮಾಡಿಸ್ತಿದ್ದೋಳು ನಾನು. ಕಣ್ಣಿಗೆ ಔಷಧಿ ಹಾಕ್ತಿದ್ದೋಳು ನಾನು. ಔಷಧಿ ಹಾಕೋಕೆ ಬಗ್ಗಿದಾಗ ನನ್ನ ಕೆನ್ನೆ ಸವರಿ, ಗುಬ್ಬೀ, ಬಂದ್ಯಾ ಅನ್ನೋಳು. ನಾನಮ್ಮಾ ಅಂದ್ರೆ, ಓ ನೀನಾ ಅಂತ ಕೈ ತೆಗೀತಿದ್ಳು. ದಿನಾ. ಅವಳಿಗೆ ಗುಬ್ಬಿ ಬೇಕಿತ್ತು. ಕೊಟ್ಟೆ.”

“ಖುಷಿಪಡಿಸೋಕೆ ಬರೆದದ್ದಾ?”

“ಮೊದಮೊದಲು. ಚೆನ್ನಾಗಿದೀನಿ, ಕೆಲಸ ಸಿಕ್ಕಿದೆ, ಮಾತ್ರೆ ತಗೋ, ಅಕ್ಕ ಹೇಳಿದ ಹಾಗೆ ಕೇಳು. ಕೇಳಿದಳು! ನಾನು ಬಾಯಿ ಬಡ್ಕೊಂಡ್ರೂ ತಗೊಳ್ಳದ ಮಾತ್ರೆಯನ್ನ ಗುಬ್ಬಿ ಬರೆದಳು ಅಂತ ನುಂಗಿದಳು. ಅವತ್ತು ನನಗೆ ಏನಾಯ್ತೋ.” ಅವಳು ಭುಜ ಕುಣಿಸಿದಳು. “ಬಸ್ ಸ್ಟ್ಯಾಂಡಿಗೆ ಬಾ ಅಂತ ಬರೆದೆ.”

“ನೀನೂ ಹೋದೆ.”

“ಎದುರಿಗೆ ಹೋಟೆಲ್ ಇದೆ. ಕಿಟಕಿ ಪಕ್ಕದ ಟೇಬಲ್. ಎಷ್ಟು ಹೊತ್ತು ಕಾಯ್ತಾಳೆ ನೋಡೋಣ ಅಂತ. ನನ್ನ ಸ್ಕೂಲ್ ಗೇಟಿನ ಹತ್ರ ಒಂದು ದಿನ ಕಾದವಳಲ್ಲ ಮೇಡಂ ಅವಳು. ಕಾದಳು. ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ, ಇಳಿಯೋರ ಮುಖದ ಹತ್ರ ಮುಖ ತಂದು ನೋಡ್ತಿದ್ಳು. ಕಣ್ಣು ಕಾಣಲ್ವಲ್ಲ. ಕಂಡಕ್ಟರ್ ಬೈದು ತಳ್ಳಿದ. ನಾನು ಕಾಫಿ ಕುಡೀತಾ ಇದ್ದೆ.”

ಇಂಥ ಮಾತು ಶುರುವಾದರೆ ಅಡ್ಡ ಬಾಯಿ ಹಾಕಬಾರದೆಂದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಿತ್ತು.

“ಮನೆಗೆ ಬಂದ ಮೇಲೆ ಕಾಲು ಊದಿಕೊಂಡಿರೋದು. ಬಿಸಿನೀರಲ್ಲಿ ಕಾಲಿಡಿಸಿ, ಎಲ್ಲಿ ಹೋಗಿದ್ದೆ ಅಮ್ಮಾ ಅಂತ ಕೇಳ್ತಿದ್ದೆ. ಪಾರ್ಕಿಗೆ ಅನ್ನೋಳು. ಅಕ್ಕನಿಗೆ ಹೇಳ್ಬೇಡ ಅಂತ ಗುಬ್ಬಿ ಬರೆದಿದ್ದಳಲ್ಲ. ಅವಳು ಸುಳ್ಳು ಹೇಳೋದನ್ನ ಕೇಳೋಕೆ ಚೆನ್ನಾಗಿರ್ತಿತ್ತು.”

“ಆಮೇಲೆ ಅದೂ ಸಾಕಾಯ್ತು ನಿನಗೆ. ಲಿಫ್ಟಿನ ಬಾಗಿಲು ತೆಗೆದೆ.”

“ಇಲ್ಲ.” ಮೊದಲ ಸಲ ಅವಳ ದನಿ ಚುರುಕಾಯಿತು. “ಅದು ನಾನಲ್ಲ. ಕೊನೇ ಇಮೇಲ್ ನಾನು ಬರೆದದ್ದಲ್ಲ.”

“ವರ್ಷವಿಡೀ ಬರೆದವಳು ಅದೊಂದನ್ನ ಮಾತ್ರ ಬರೀಲಿಲ್ಲ. ನಂಬಬೇಕು ನಾನು?”

“ನಂಬಬೇಡಿ. ನಿಮ್ಮ ಲ್ಯಾಬಿನವರನ್ನ ಕೇಳಿ.”

ಕೇಳುವ ಮೊದಲೇ ಇನ್ಸ್‌ಪೆಕ್ಟರಮ್ಮನ ಮೊಬೈಲು ಮೇಜಿನ ಮೇಲೆ ಗುರುಗುಟ್ಟಿತು. ಸೊಳ್ಳೆ.

“ಮೇಡಂ, ಕೊನೇ ಇಮೇಲಿನ ವಿಳಾಸ ಬಿಡಿಸಿದೆ. ಅಕ್ಷರ ಅಕ್ಷರ ನೋಡಿದೆ. ಎಲ್ಲಾ ನಮ್ಮವೇ. ‘ಮರ’ದ ರ ಕೂಡ.”

“ಅಂದ್ರೆ?”

“ಇದು ನಕಲಿ ವಿಳಾಸದಿಂದ ಬಂದದ್ದಲ್ಲ. ಗುಬ್ಬಿಯ ನಿಜವಾದ ವಿಳಾಸದಿಂದ ಬಂದದ್ದು. ಆ ಹೆಸರಿನ ನೋಂದಣಿ ಈಗಲೂ ನಡೀತಿದೆ. ಕಸವನ್ನೂ ಬಿಡಿಸಿದೆ, ಓದಲಾ?”

“ಬೇಡ,” ಎಂದರು ಇನ್ಸ್‌ಪೆಕ್ಟರಮ್ಮ, ಹಿರಿಯವಳನ್ನೇ ನೋಡುತ್ತ. “ಇವಳೇ ಓದ್ತಾಳೆ. ಅಲ್ವಾ? ನಿಮ್ಮಮ್ಮನಿಗೆ ಆ ಕಸ ಓದೋಕಾಗಲಿಲ್ಲ. ಆದರೂ ಪ್ರೆಸ್ಸಿಗೆ ಹೋದಳು. ಯಾರೋ ಓದಿ ಹೇಳಿರಬೇಕು. ಆ ಮನೆಯಲ್ಲಿ ಇದ್ದವರು ಇಬ್ಬರೇ.”

ಹಿರಿಯವಳು ಲ್ಯಾಪ್‌ಟಾಪಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು.

“ನನ್ನ ಹತ್ರ ತಂದಳು. ಇದೇನೋ ಹುಳ ಹರಿದ ಹಾಗಿದೆ, ಓದು ಅಂದಳು. ಗುಬ್ಬಿ ಬರೆಯೋ ವಿಷಯ ನನಗೆ ಗೊತ್ತಾಗಬಾರದು ಅಂತ ಅಷ್ಟು ದಿನ ಮುಚ್ಚಿಟ್ಟವಳು, ಓದೋಕಾಗದೆ ಇದ್ದಾಗ ನನ್ನ ಹತ್ರವೇ ಬಂದಳು. ಹಳೇ ಫಾಂಟ್ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಬಿಡಿಸಿ ಓದಿದೆ.”

“ಏನಿತ್ತು?”

ಅವಳು ಕಣ್ಣು ಮುಚ್ಚಲಿಲ್ಲ, ತೊದಲಲಿಲ್ಲ. ಒಪ್ಪಿಸಿದಳು:

“ಅಮ್ಮಾ, ಮಾವನ ಪ್ರೆಸ್ಸಿನ ಕೆಳಗಿನ ಮೆಷಿನ್ ಹಾಲ್‌ನಲ್ಲಿದೀನಿ. ನಿನ್ನ ಮಂಡಿಗೆ ಮೆಟ್ಟಿಲು ಬೇಡ. ಲಿಫ್ಟ್ ರಿಪೇರಿ ಆಗಿದೆ, ಬಾಗಿಲು ತೆಗೆದಿಟ್ಟಿರ್ತೀನಿ. ಒಳಗೆ ಬಂದು ನಿಂತ್ಕೋ, ಸಾಕು.”

“ಲಿಫ್ಟ್ ಕೆಟ್ಟಿದೆ ಅಂತ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ರಿಪೇರಿ ಆಗಿಲ್ಲ ಅಂತಲೂ ಗೊತ್ತಿತ್ತು.”

“ಆಗಿರಬಹುದಲ್ಲ.”

“ಮಾವನಿಗೆ ಒಂದು ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು. ಮಾಡ್ದೆಯಾ?”

“ಇಲ್ಲ.” ತಡೆದು ಹೇಳಿದಳು: “ಸೀರೆ ಯಾವುದು ಉಡಲಿ ಅಂತ ಕೇಳಿದಳು. ಹಸಿರುಬಣ್ಣದ್ದು ಅಂದೆ. ನೆರಿಗೆ ಹಿಡಿದು ಕಳಿಸಿದೆ. ನಾನು ಓದಿದೆ ಅಷ್ಟೇ ಮೇಡಂ. ಓದಿದ್ದಕ್ಕೆ ಯಾವ ಕೇಸ್ ಹಾಕ್ತೀರಾ?”

ಮೂವತ್ತು ವರ್ಷದ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರಮ್ಮ ಚಾಕು ನೋಡಿದ್ದರು, ವಿಷ ನೋಡಿದ್ದರು. ನೆರಿಗೆ ಹಿಡಿದು ಕಳಿಸಿದ್ದನ್ನು ನೋಡಿರಲಿಲ್ಲ. ಗುಂಡಿಯಲ್ಲಿ ಸಿಕ್ಕ ಹೆಣದ ಮೇಲೆ ಹಸಿರು ಸೀರೆಯೇ ಇತ್ತು. ಅವರ ಕೈ ತಾನಾಗಿ ಮುಷ್ಟಿಯಾಯಿತು. ಅದನ್ನು ಮೇಜಿನ ಕೆಳಗಿಟ್ಟುಕೊಂಡರು. ಹೊಡೆದರೆ ಈ ಹೆಂಗಸಿಗೆ ಅನುಕೂಲವೇ ಹೊರತು ಬೇರೇನಿಲ್ಲ. ಇವಳಿಗೆ ಎಲ್ಲಿ ನೋಯುತ್ತದೆ ಎಂದು ಯೋಚಿಸಿದರು. ಹೊಳೆಯಿತು.

“ಲ್ಯಾಪ್‌ಟಾಪ್ ಹತ್ತಿರ ಎಳ್ಕೋ.”

“ಯಾಕೆ?”

“ನಿಮ್ಮಮ್ಮನ ಖಾತೆ ತೆಗಿ. ಪಾಸ್‌ವರ್ಡ್ ಗೊತ್ತಿಲ್ಲ ಅಂತ ನಾಟಕ ಆಡ್ಬೇಡ. ಆ ಕೊನೇ ಇಮೇಲಿಗೆ ಉತ್ತರ ಬರಿ. ಅಮ್ಮ ಬರೆದ ಹಾಗೆ.”

“ಏನಂತ?”

“ಬಂದಿದ್ದೆ, ನೀನು ಸಿಗಲಿಲ್ಲ ಅಂತ. ಆಯಮ್ಮ ಸತ್ತಿರೋದು ಹೊರಗಿನವರಿಗೆ ಗೊತ್ತಿಲ್ಲ. ನಿನ್ನ ತಂಗಿಯೇ ಆ ಕಡೆ ಕೂತಿದ್ದು, ಅವಳಿಗೆ ಏನೂ ತಿಳೀದೆ ಇದ್ದರೆ ಒಂಥರಾ ಉತ್ತರ ಬರುತ್ತೆ. ಬಾಗಿಲು ತೆಗೆದವಳೇ ಆಗಿದ್ರೆ ಇನ್ನೊಂಥರಾ ಬರುತ್ತೆ.”

“ನಾನು ಬರೆಯಲ್ಲ.”

“ತಂಗಿ ವೇಷದಲ್ಲಿ ವರ್ಷ ಪೂರ್ತಿ ಬರೆದೆ. ಅಮ್ಮನ ವೇಷ ಭಾರ ಆಗುತ್ತಾ? ಬರಿ. ಇಲ್ಲಾ ಹೊರಗೆ ಕೂತಿರೋ ಆ ಮಕ್ಕಳನ್ನೆಲ್ಲ ಒಳಗೆ ಕರೆದು, ನಿಮ್ಮ ಮೇಡಂ ಬಸ್ ಸ್ಟ್ಯಾಂಡ್ ಎದುರು ಕಾಫಿ ಕುಡಿದ ಕಥೆ ಹೇಳ್ತೀನಿ. ನನಗೆ ಹೊತ್ತಿದೆ.”

ಹಿರಿಯವಳು ಗಾಜಿನಾಚೆ ನೋಡಿದಳು. ಒಬ್ಬ ಹುಡುಗಿ ಅವಳತ್ತ ನೋಡಿ ನಕ್ಕು ಕೈಬೀಸಿದಳು. ಇವಳ ಕೈ ಮೇಲೇಳಲಿಲ್ಲ.

ಟೈಪ್ ಮಾಡತೊಡಗಿದಳು. ಎರಡು ಶಬ್ದ ಬರೆದು ಅಳಿಸಿದಳು. ಅಮ್ಮ ಹೇಗೆ ಬರೆಯುತ್ತಿದ್ದಳೆಂದು ಅವಳಿಗೆ ಗೊತ್ತಿರದೆ ಏನು? ಅಮ್ಮ ಗುಬ್ಬಿಗೆಂದು ಬರೆದ ಉತ್ತರಗಳೆಲ್ಲ ಬಂದು ಬಿದ್ದದ್ದು ಇವಳ ಮಡಿಲಿಗೇ. ಒಂದೊಂದನ್ನೂ ಓದಿದವಳು. ತನಗೆಂದು ಅಮ್ಮ ಎಂದೂ ಬರೆಯದ ಮಾತುಗಳನ್ನು ಈಗ ಅಮ್ಮನಾಗಿ ತಂಗಿಗೆ ಬರೆಯಬೇಕಿತ್ತು.

ಕೊನೆಗೆ ಪರದೆಯ ಮೇಲೆ ನಿಂತದ್ದು ಇಷ್ಟು:

ಗುಬ್ಬೀ, ಬಂಗಾರಾ, ಬಂದಿದ್ದೆ ಕಣೇ. ಬಾಗಿಲು ಕಾಣಲಿಲ್ಲ, ವಾಪಸ್ ಬಂದೆ. ಕೋಪ ಮಾಡ್ಕೋಬೇಡ. ಮತ್ತೆ ಯಾವಾಗ ಬರ್ಲಿ?

“ಕಳಿಸು.”

ಕಳಿಸಿದಳು. ಆಮೇಲೆ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಏನೋ ಮೆತ್ತಿಕೊಂಡಿತೆಂಬಂತೆ.

ಇನ್ಸ್‌ಪೆಕ್ಟರಮ್ಮ ಸ್ಟೇಷನ್ನಿಗೆ ಫೋನ್ ಮಾಡಿದರು. “ಮಾವ ಏನ್ಮಾಡ್ತಿದಾನೆ?”

“ಬೆಂಚಿನ ಮೇಲೆ ಕೂತು ಅಳ್ತಿದಾನೆ ಮೇಡಂ,” ಎಂದ ಪೇದೆ. “ಅವನ ಮೊಬೈಲು, ಕಂಪ್ಯೂಟರು ಎರಡೂ ನನ್ನ ಟೇಬಲ್ ಮೇಲಿವೆ.”

“ಅವನ ಪಕ್ಕದಿಂದ ಅಲ್ಲಾಡಬೇಡ.”

ಉತ್ತರ ಬರುವುದೆಂದು ಇನ್ಸ್‌ಪೆಕ್ಟರಮ್ಮ ಖಂಡಿತವಾಗಿ ನಂಬಿರಲಿಲ್ಲ. ಬಂದರೂ ನಾಳೆಯೋ ನಾಡಿದ್ದೋ. ಎದ್ದು ಕಪಾಟಿನ ಮೊಬೈಲುಗಳನ್ನು ನೋಡುತ್ತ ನಿಂತರು. ಪ್ರತಿಯೊಂದರ ಮೇಲೂ ಬೇರೆ ಬೇರೆ ಲಿಪಿಯಲ್ಲಿ ಅದೇ ಒಂದು ಇಮೇಲು.

ಹಿಂದಿನಿಂದ ಲ್ಯಾಪ್‌ಟಾಪು ಸಣ್ಣಗೆ ಸದ್ದು ಮಾಡಿತು.

ತಿರುಗಿದರು. ಪರದೆಯ ತುಂಬ ಮತ್ತೆ ಅದೇ ಕಸ. ಕೊಂಬಿನ ಅಕ್ಷರ, ಪೌಂಡು, ಡಿಗ್ರಿ. ಕಳಿಸಿದವರ ವಿಳಾಸ, ಬಣ್ಣದಮರ. ಎಚ್ಚರಿಕೆಯ ಗುರುತಿಲ್ಲ. ಈ ಲ್ಯಾಪ್‌ಟಾಪಿನಲ್ಲಿ ತಪಾಸಣೆ ನೆಟ್ಟಗಿತ್ತು. ಅಂದರೆ ವಿಳಾಸದ ಪ್ರತಿ ಅಕ್ಷರವೂ ಅಸಲಿ.

“ಬಿಡಿಸು.”

ಹಿರಿಯವಳು ಯಾವುದೋ ಪಟ್ಟಿ ತೆರೆದು, ಅದರಲ್ಲಿ ಹಳೇ ಫಾಂಟಿನ ಹೆಸರು ಆರಿಸಿ ಒತ್ತಿದಳು. ಕಸ ಒಮ್ಮೆ ನಡುಗಿ ಅಕ್ಷರವಾಯಿತು. ಒಂದೇ ಸಾಲು. ಅವಳು ಓದಿದಳು. ಕುರ್ಚಿಯನ್ನು ಹಿಂದಕ್ಕೆ ನೂಕಿದ ರಭಸಕ್ಕೆ ಅದು ಗಾಜಿಗೆ ಬಡಿಯಿತು. ಹೊರಗಿನವರೆಲ್ಲ ತಲೆಯೆತ್ತಿದರು.

“ಓದು, ಗಟ್ಟಿಯಾಗಿ.”

ಅವಳು ಪರದೆಯಿಂದ ಹಿಂದೆ ಸರಿದಳು. ಇನ್ಸ್‌ಪೆಕ್ಟರಮ್ಮ ಲ್ಯಾಪ್‌ಟಾಪನ್ನು ತಮ್ಮತ್ತ ತಿರುಗಿಸಿಕೊಂಡರು.

ಅಕ್ಕಾ, ಈಗ ಅಮ್ಮನ ಹೆಸರಲ್ಲೂ ಶುರು ಹಚ್ಕೊಂಡ್ಯಾ?

ಎರಡು ಸಲ ಓದಿದರು. ಅಮ್ಮ ಇನ್ನು ಬರೆಯಲಾರಳು ಎಂಬುದು ಬರೆದವರಿಗೆ ಗೊತ್ತು. ನಕಲಿ ಗುಬ್ಬಿ ಯಾರೆಂಬುದೂ ಗೊತ್ತು.

“ಅಂತೂ ನಿನ್ನ ತಂಗಿ ಬದುಕಿದಾಳೆ,” ಎಂದರು ಇನ್ಸ್‌ಪೆಕ್ಟರಮ್ಮ. “ನಿನಗಿಂತ ಒಂದು ಕೈ ಮೇಲೆಯೇ ಇದಾಳೆ.”

“ಇದು ಅವಳಲ್ಲ.”

“ಅಸಲಿ ವಿಳಾಸ. ಅಕ್ಕಾ ಅಂತ ಕರೆದಿದಾಳೆ. ನಿಮ್ಮ ಮೂವರಿಗೆ ಬಿಟ್ಟು ಬೇರೆಯವರಿಗೆ ಬಾರದ ಫಾಂಟು. ಮಾವ ನನ್ನ ಸ್ಟೇಷನ್ನಲ್ಲಿದಾನೆ, ನೀನು ಇಲ್ಲಿದೀಯ. ಇನ್ಯಾರು?”

“ಅವಳಲ್ಲ!” ಹಿರಿಯವಳು ಕಿರುಚಿದಳು. ಅಮ್ಮನ ಹೆಣದ ಮುಂದೆ ಕದಲದ ಮುಖ ಈಗ ಸುಣ್ಣವಾಗಿತ್ತು. ಎರಡೂ ಕೈಯಲ್ಲಿ ಮೇಜು ಹಿಡಿದು ನಿಂತಿದ್ದಳು. “ಅವಳಾಗಿರೋಕೆ ಸಾಧ್ಯನೇ ಇಲ್ಲ. ಅವಳು ಬರೆಯೋಕೆ ಸಾಧ್ಯನೇ ಇಲ್ಲ, ಅವಳು…”

ನಾಲಗೆ ಕಚ್ಚಿಕೊಂಡಳು. ತಡವಾಗಿತ್ತು.

ಇನ್ಸ್‌ಪೆಕ್ಟರಮ್ಮ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಕುರ್ಚಿ ಎಳೆದುಕೊಂಡು ಮತ್ತೆ ಕೂತರು.

“ಜಗಳ ಆಡಿ ಮನೆ ಬಿಟ್ಟು ಹೋದವಳು ತಾನೇ ಅವಳು? ಬದುಕಿದ್ರೆ ಬರೀಬಹುದಲ್ಲ?” ಎಂದರು. “ಸಾಧ್ಯವಿಲ್ಲ ಅಂತ ಅಷ್ಟು ಖಂಡಿತವಾಗಿ ನಿನಗೆ ಹೇಗೆ ಗೊತ್ತು?”